ಪೈಲ್ವಾನಣ್ಣನ ಅರ್ಧ ಪ್ಲೇಟು

ಹೋಟೆಲು ನಡೆಸುವವನ ಮಗನೇ ಊಟ ಮಾಡುವುದಿಲ್ಲ ಎಂಬುದು ಆ ವರ್ಷ ನಮ್ಮಪ್ಪನಿಗೆ ಎಲ್ಲಕ್ಕಿಂತ ದೊಡ್ಡ ಅವಮಾನವಾಗಿತ್ತು. ತಮ್ಮನ ಕಾಯಿಲೆಯ ಬಗ್ಗೆ ಅಪ್ಪ ಯಾರ ಹತ್ತಿರವೂ ಬಾಯಿ ಬಿಡುತ್ತಿರಲಿಲ್ಲ. ಊಟದ ವಿಷಯ ಮಾತ್ರ ಹಾಲಿನವನಿಂದ ಹಿಡಿದು ಅಂಚೆಯವನವರೆಗೆ ಎಲ್ಲರಿಗೂ ಹೇಳಿಯಾಗಿತ್ತು. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಪುಣೆಯ ಹಳೆಯ ಪೇಠೆಯೊಂದರಲ್ಲಿ, ಗಲ್ಲಿ ತಿರುಗುವ ಮೂಲೆಯಲ್ಲಿ ನಮ್ಮ ಹೋಟೆಲು. ಕೆಳಗೆ ಎಂಟು ಮೇಜು, ಹಿಂದೆ ಅಡಿಗೆಮನೆ, ಮರದ ಮೆಟ್ಟಿಲು ಹತ್ತಿದರೆ ನಾವು ನಾಲ್ಕು ಜನ ಇದ್ದ ಎರಡು ಕೋಣೆ. ಉಡುಪಿ ಕಡೆಯಿಂದ ಬಂದು ಇಪ್ಪತ್ತು ವರ್ಷವಾಗಿದ್ದರೂ ಅಪ್ಪನ ಮರಾಠಿ ಕೇಳಿದರೆ ಗಿರಾಕಿಗಳಿಗೆ ನಗು ಬರುತ್ತಿತ್ತು. ಸಾಂಬಾರಿನ ರುಚಿ ನೋಡಿದ ಮೇಲೆ ಸುಮ್ಮನಾಗುತ್ತಿದ್ದರು.

ತಮ್ಮನಿಗೆ ಆಗ ಆರು ವರ್ಷ, ನನಗೆ ಹದಿಮೂರು. ಅವನಿಗೆ ರಕ್ತದ ಕ್ಯಾನ್ಸರ್. ಆ ಶಬ್ದವನ್ನು ಮನೆಯಲ್ಲಿ ಯಾರೂ ಆಡುವ ಹಾಗಿರಲಿಲ್ಲ. ಅಮ್ಮ 'ಅವನ ರಕ್ತದ ತೊಂದರೆ' ಎನ್ನುತ್ತಿದ್ದಳು, ಅಪ್ಪ ಬರೀ 'ಅದು' ಎನ್ನುತ್ತಿದ್ದ. ಆರೇಳು ತಿಂಗಳಿಂದ ಬೆಳಗಿನ ರೈಲಿನಲ್ಲಿ ಮುಂಬೈಯ ಆಸ್ಪತ್ರೆಗೆ ಹೋಗಿ ಬರುವುದು ನಡೆದಿತ್ತು. ಮದ್ದಿನ ದೆಸೆಯಿಂದ ಕೂದಲು ಉದುರಿತ್ತು, ಬಾಯಿಯೊಳಗೆಲ್ಲ ಹುಣ್ಣಾಗಿತ್ತು. ಹುಣ್ಣು ಮಾಯಿತು, ಹಸಿವು ಮಾತ್ರ ವಾಪಸು ಬರಲಿಲ್ಲ. ಕೊನೆಯ ಸಲ ಹೋದಾಗ ಡಾಕ್ಟರು ಅವನನ್ನು ತೂಗಿ ನೋಡಿದರಂತೆ. ಹದಿಮೂರೂವರೆ ಕಿಲೋ. ಮುಂದಿನ ಸುತ್ತಿನ ಮದ್ದು ಬಹಳ ಜೋರಿನದು, ಈ ಮೈ ಅದನ್ನು ತಡೆಯುವುದಿಲ್ಲ, ಹದಿನಾರು ಕಿಲೋ ಮಾಡಿಕೊಂಡು ಆರು ವಾರ ಬಿಟ್ಟು ಬನ್ನಿ ಎಂದರಂತೆ. ಇನ್ನೂ ತಡವಾದರೆ ಏನಾಗುತ್ತದೆ ಎಂದು ಅಪ್ಪ ಕೇಳಿದ್ದಕ್ಕೆ, ಕಾಯಿಲೆ ಮತ್ತೆ ತಲೆ ಎತ್ತಬಹುದು, ತಡ ಮಾಡಬೇಡಿ ಎಂದರಂತೆ.

ಅಂದಿನಿಂದ ನಮ್ಮ ಅಡಿಗೆಮನೆ ಒಬ್ಬನೇ ಗಿರಾಕಿಯ ಹಿಂದೆ ಬಿತ್ತು. ತುಪ್ಪದ ದೋಸೆ, ಬಾಳೆಹಣ್ಣು ಹಾಕಿದ ಶೀರಾ, ಗೋಧಿ ಹಲ್ವ. ಅಮ್ಮ ಕಥೆ ಹೇಳಿ ಉಣ್ಣಿಸಲು ನೋಡಿದಳು. ಅಪ್ಪ ಮೊದಲು ಗದರಿಸಿದ, ಆಮೇಲೆ ಕೈ ಮುಗಿದ. ಅವನು ಎರಡು ತುತ್ತು ತಿಂದು ಬಾಯಿ ಮುಚ್ಚಿಕೊಂಡು ಕೂರುತ್ತಿದ್ದ. ನನಗೆ ಹೊಟ್ಟೆಕಿಚ್ಚೂ ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಅವನ ಮುಂದೆ ತುಪ್ಪದ ದೋಸೆ ತಣ್ಣಗಾಗುತ್ತಿದ್ದರೆ ನನಗೆ ನಿನ್ನೆಯ ಚಪಾತಿ. ತಣ್ಣಗಾದ ದೋಸೆಯನ್ನು ಕಡೆಗೆ ನಾನೇ ತಿನ್ನುತ್ತಿದ್ದೆ. ಆ ಮನೆಯಲ್ಲಿ ದಪ್ಪಗಾಗಬೇಕಾದವನು ಅವನು, ದಪ್ಪಗಾದವಳು ನಾನು.

ನಮ್ಮಿಂದ ಆರು ಮನೆ ಆಚೆಗೆ ಒಂದು ತಾಲೀಮು ಇತ್ತು, ಎಂದರೆ ಕುಸ್ತಿಯವರ ಗರಡಿಮನೆ. ಅಲ್ಲಿಯ ಕೆಂಪು ಮಣ್ಣಿಗೆ ಎಣ್ಣೆ, ಅರಿಶಿನ, ಲಿಂಬೆರಸ ಹಾಕಿ ಹದ ಮಾಡುವ ದಿನ ಅದರ ವಾಸನೆ ನಮ್ಮ ಹೋಟೆಲಿನವರೆಗೂ ಬರುತ್ತಿತ್ತು. ಪೈಲ್ವಾನಣ್ಣ ಅಲ್ಲಿಯವ. ಅವನ ತಂದೆ ತಾಯಿ ಗುಲ್ಬರ್ಗದ ಕಡೆಯಿಂದ ಪುಣೆಗೆ ಕಟ್ಟಡದ ಕೆಲಸಕ್ಕೆ ಬಂದವರು. ತಾಯಿ ಇಟ್ಟಿಗೆ ಹೊರುತ್ತಿದ್ದರೆ ಇವನು ಮರಳಿನ ರಾಶಿಯಲ್ಲಿ ಬೇರೆ ಮಕ್ಕಳನ್ನು ಕೆಡವಿಕೊಂಡು ಇರುತ್ತಿದ್ದನಂತೆ. ಅದನ್ನು ಕಂಡ ತಾಲೀಮಿನ ಗುರುಗಳು, ಅಲ್ಲಿಯವರ ಬಾಯಲ್ಲಿ ವಸ್ತಾದರು, ಕರೆದುಕೊಂಡು ಹೋಗಿ ಬೆಳೆಸಿದರು. ಈಗ ಪಿಂಪರಿಯ ಫ್ಯಾಕ್ಟರಿಯೊಂದರಲ್ಲಿ ಕೆಲಸ, ವಾಸ ತಾಲೀಮಿನಲ್ಲೇ, ಊಟ ತಿಂಡಿ ಹೋಟೆಲುಗಳಲ್ಲಿ. ಎರಡೂ ಕಿವಿ ಜಜ್ಜಿ ಗಂಟುಗಟ್ಟಿದ್ದವು. ಕುತ್ತಿಗೆ ಎಲ್ಲಿ ಮುಗಿದು ಹೆಗಲು ಎಲ್ಲಿ ಶುರುವಾಗುತ್ತದೆ ಎಂದು ಹೇಳಲಾಗುತ್ತಿರಲಿಲ್ಲ. ನಮ್ಮ ಹೋಟೆಲಿಗೆ ಕನ್ನಡ ಕೇಳಲು ಬರುತ್ತೇನೆ ಎನ್ನುತ್ತಿದ್ದ, ಕೇಳಿ ನಗುತ್ತಿದ್ದ. ನಮ್ಮದು ಪುಸ್ತಕ ಓದಿದ ಹಾಗಿರುವ ಕನ್ನಡವಂತೆ.

ಅಂದು ಬೆಳಿಗ್ಗೆ ಅಪ್ಪ ತಮ್ಮನನ್ನು ಮೂಲೆಯ ಮೇಜಿಗೆ ಕೂರಿಸಿ ಇಡ್ಲಿ ಇಟ್ಟು, ಇದೊಂದು ತಿನ್ನು, ನಿನ್ನ ದಮ್ಮಯ್ಯ ಎಂದು ಬೇಡುತ್ತಿದ್ದ. ಪಕ್ಕದ ಮೇಜಿನಲ್ಲಿ ಪೈಲ್ವಾನಣ್ಣ ತನ್ನ ಎಂಟು ಇಡ್ಲಿ ಬರುವುದನ್ನು ಕಾಯುತ್ತಿದ್ದ. ಸ್ವಲ್ಪ ಹೊತ್ತು ನೋಡಿದ. ಡಾಕ್ಟರು ಎಷ್ಟು ತೂಕ ಕೇಳಿದ್ದಾರೆ, ಎಷ್ಟು ದಿನದಲ್ಲಿ ಎಂದು ಅಪ್ಪನನ್ನು ವಿಚಾರಿಸಿದ. ಆಮೇಲೆ ತನ್ನ ಕುರ್ಚಿಯನ್ನು ತಮ್ಮನ ಕಡೆಗೆ ಎಳೆದುಕೊಂಡ.

"ತಮ್ಮಾ, ನನಗೊಂದು ಮದತ್ ಮಾಡ್ತೀಯೇನು? ಮುಂದಿನ ಕುಸ್ತಿಗಿ ನಾ ವಜನ ಇಳಸಬೇಕಾಗೇದ. ತಾಟಿನಾಗ ಬಿಟ್ಟು ಏಳಲಾಕ ಮನಸ್ಸ ಬರಂಗಿಲ್ಲ. ನನ್ನ ಪಾಲಿಂದು ಅರ್ಧ ನೀ ತಿಂದ್ರ ನನ್ನ ಕೆಲಸ ಆಗ್ತದ."

ತಮ್ಮ ಅವನನ್ನು ಮೇಲಿನಿಂದ ಕೆಳಗೆ ನೋಡಿದ. ಎಷ್ಟು ದಿವಸ ತಿನ್ನಬೇಕು ಎಂದು ಕೇಳಿದ. ಆರು ವಾರ ಎಂದ ಪೈಲ್ವಾನಣ್ಣ. ತಮ್ಮ ದೊಡ್ಡ ಮನಸ್ಸು ಮಾಡಿ ಆಗಲಿ ಎಂದ. ಅರ್ಧ ವರ್ಷದಿಂದ ಎಲ್ಲರೂ ಅವನಿಗೆ ಏನಾದರೊಂದು ಮಾಡುತ್ತಲೇ ಇದ್ದರು. ಸೂಜಿ ಚುಚ್ಚುವವರು, ಹೊದಿಸುವವರು, ಅಳುವವರು. ಅವನಿಂದ ಒಂದು ಸಹಾಯ ಬೇಕು ಎಂದವರು ಒಬ್ಬರೂ ಇರಲಿಲ್ಲ. ಅಂದು ಅವನು ಎರಡು ಇಡ್ಲಿ ತಿಂದ. ಅಪ್ಪ ಗಲ್ಲಾಪೆಟ್ಟಿಗೆಯ ಹಿಂದೆ ಹೋಗಿ ಮುಖ ಒರೆಸಿಕೊಂಡ.

ಅಡ್ಡಿ ಬಂದದ್ದು ಅಮ್ಮನಿಂದ. ಇನ್ನೊಬ್ಬರ ತಟ್ಟೆಯದನ್ನು ತಿನ್ನುವುದು ಎಂದರೆ ಎಂಜಲು, ಅದು ನಮ್ಮಲ್ಲಿ ನಡೆಯುವ ಮಾತಲ್ಲ. ಜೊತೆಗೆ ಸೋಂಕು ತಗಲದ ಹಾಗೆ ನೋಡಿಕೊಳ್ಳಿ ಎಂದು ಡಾಕ್ಟರೂ ಹೇಳಿದ್ದರು. ಹೀಗೆ ಶಾಸ್ತ್ರ, ಆಸ್ಪತ್ರೆ ಎರಡೂ ಅಮ್ಮನ ಕಡೆಗೇ ನಿಂತವು. ಕಡೆಗೆ ಅವಳೇ ಒಂದು ದಾರಿ ಹುಡುಕಿದಳು. ಪೈಲ್ವಾನಣ್ಣನ ಪ್ಲೇಟು ಬಂದ ಕೂಡಲೇ, ಅವನು ಮುಟ್ಟುವ ಮೊದಲೇ, ನಾನು ಬಿಸಿನೀರಿನಲ್ಲಿ ತೊಳೆದ ಚಮಚದಿಂದ ಎಲ್ಲವನ್ನೂ ಸರಿಯಾಗಿ ಅರ್ಧ ಮಾಡಿ ತಮ್ಮನ ತಟ್ಟೆಗೆ ಹಾಕಬೇಕು. ಪೈಲ್ವಾನಣ್ಣ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಶಾಲೆಯಲ್ಲಿ ಶಿಕ್ಷೆಯಾದವನ ಹಾಗೆ ಕೂತಿರುತ್ತಿದ್ದ. ತಮ್ಮನ ಹೊಟ್ಟೆಗೆ ಅರ್ಧ ಪೂರ್ತಿ ಹಿಡಿಯುತ್ತಿರಲಿಲ್ಲ, ಉಳಿದದ್ದು ಎಂದಿನಂತೆ ನನಗೆ.

ಪ್ರತಿ ಗುರುವಾರ ತೂಕ. ಎದುರಿನ ಕಾಳುಕಡಿ ಅಂಗಡಿಯಲ್ಲಿ ಮೂಟೆ ತೂಗುವ ನೆಲದ ತಕ್ಕಡಿಯಿತ್ತು. ಅಂಗಡಿಯ ಸೇಠ ಮೊದಲು ಪೈಲ್ವಾನಣ್ಣನನ್ನು ನಿಲ್ಲಿಸುತ್ತಿದ್ದ, ಆಮೇಲೆ ತಮ್ಮನನ್ನು. ನಾನು ನಮ್ಮ ಉಗ್ರಾಣದ ಬಾಗಿಲಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೆ. ಮೊದಲ ಗುರುವಾರ ತೊಂಬತ್ತೆಂಟು, ಹದಿಮೂರೂವರೆ. ಎರಡನೆಯ ಗುರುವಾರ ತೊಂಬತ್ತೇಳು, ಹದಿನಾಲ್ಕು. ತಮ್ಮನಿಗೆ ಇದರ ಅರ್ಥ ಸ್ಪಷ್ಟವಾಗಿತ್ತು. ಪೈಲ್ವಾನಣ್ಣನ ಮೈಯಿಂದ ಇಳಿದದ್ದು ತನ್ನ ಮೈಗೆ ಬರುತ್ತಿದೆ. ಮಿಕ್ಕ ಅರ್ಧ ಕಿಲೋ ದಾರಿಯಲ್ಲಿ ಎಲ್ಲಿ ಹೋಯಿತು ಎಂದು ನನ್ನನ್ನು ಅನುಮಾನದಿಂದ ನೋಡಿದ.

ಆದರೆ ಪೈಲ್ವಾನಣ್ಣನಿಗೆ ತೂಕ ಇಳಿಸುವ ಅಗತ್ಯವೇ ಇರಲಿಲ್ಲ. ಅವನ ಮುಂದಿನ ಕುಸ್ತಿ ತೂಕದ ಮಿತಿಯಿಲ್ಲದ, ದೊಡ್ಡ ಜಟ್ಟಿಗಳ ಕುಸ್ತಿ. ಇಳಿಸುವುದಿರಲಿ, ಅದಕ್ಕೆ ಇನ್ನೂ ಎರಡು ಕಿಲೋ ಏರಿಸಬೇಕಾಗಿತ್ತು. ಅವನ ಲೆಕ್ಕ ಸುಲಭದ್ದೇ: ನಮ್ಮಲ್ಲಿ ಅರ್ಧ ಪ್ಲೇಟು ತಿನ್ನುವುದು, ಮುಂದಿನ ಗಲ್ಲಿಯ ಹೋಟೆಲಿನಲ್ಲಿ ಹೊಟ್ಟೆ ತುಂಬಿಸಿಕೊಳ್ಳುವುದು, ತಕ್ಕಡಿ ಹತ್ತುವ ದಿನ ಮಾತ್ರ ಖಾಲಿ ಹೊಟ್ಟೆಯಲ್ಲಿ ಬರುವುದು. ಆ ಲೆಕ್ಕದಲ್ಲಿ ಅವನು ನಮ್ಮಪ್ಪನನ್ನು ಹಿಡಿದಿರಲಿಲ್ಲ.

ಅಪ್ಪ ಉಪಕಾರ ಉಳಿಸಿಕೊಳ್ಳುವ ಮನುಷ್ಯನಲ್ಲ. ತನ್ನ ಮಗ ತಿನ್ನುವ ಹಾಗೆ ಮಾಡಿದವನು ತೂಕ ಇಳಿಸಬೇಕು ಎಂದರೆ, ಅದನ್ನು ಇಳಿಸಿಕೊಡುವುದು ತನ್ನ ಧರ್ಮ ಎಂದು ಸೊಂಟ ಕಟ್ಟಿದ. ಅಡಿಗೆ ಭಟ್ಟರನ್ನು ಕರೆದು, ಪೈಲ್ವಾನರ ದೋಸೆಗೆ ಎಣ್ಣೆ ಸೋಕಬಾರದು, ಚಹಕ್ಕೆ ಸಕ್ಕರೆ ಬೀಳಬಾರದು ಎಂದ. ಅರ್ಧ ಮಾಡಿದ ಮೇಲೆ ತಮ್ಮನ ಪಾಲಿಗೆ ಮಾತ್ರ ತುಪ್ಪ ಬೀಳುತ್ತಿತ್ತು. ಹಾಲಿಗೆ ನೀರು ಹಾಕದ ಹೋಟೆಲು ಎಂದು ಇಪ್ಪತ್ತು ವರ್ಷ ಎದೆ ತಟ್ಟಿಕೊಂಡವನು, ಅವನ ಒಂದು ಲೋಟಕ್ಕೆ ಮಾತ್ರ ತಾನೇ ನೀರು ಬೆರೆಸಿದ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಪುಣೆಯಲ್ಲಿ ಆ ಕಾಲಕ್ಕೆ ಎರಡು ಹೋಟೆಲಿಗೆ ಒಂದು ನಮ್ಮ ಕರಾವಳಿಯವರದು. ಎಲ್ಲರೂ ಒಂದಲ್ಲ ಒಂದು ಬಗೆಯಲ್ಲಿ ನೆಂಟರು, ಇಲ್ಲವೇ ನೆಂಟರ ಊರಿನವರು. ಅಪ್ಪ ಒಂದು ಮಧ್ಯಾಹ್ನ ಸೈಕಲ್ ಹತ್ತಿ ಹೊರಟ. ಇಂಥಾ ಕಿವಿಯ ಪೈಲ್ವಾನರು ಬಂದರೆ ಅರ್ಧ ಪ್ಲೇಟಿನ ಮೇಲೆ ಕೊಡಬೇಡಿ, ಅವರ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂದು ತಾಲೀಮಿನಿಂದ ಫ್ಯಾಕ್ಟರಿ ಬಸ್ಸು ನಿಲ್ಲುವ ಜಾಗದವರೆಗೆ ಇದ್ದ ಎಲ್ಲ ಹೋಟೆಲಿನವರ ಹತ್ತಿರವೂ ಮಾತು ತೆಗೆದುಕೊಂಡು ಬಂದ. ಫ್ಯಾಕ್ಟರಿಯ ಕ್ಯಾಂಟೀನು ನಡೆಸುವವರೂ ನಮ್ಮ ಅತ್ತೆಯ ಊರಿನವರೇ. ಅವರಿಗೆ ಒಂದು ಕಾಗದ ಬರೆದು ಹಾಕಿದ.

ಬಡಪಾಯಿ ಪೈಲ್ವಾನಣ್ಣ ಎಲ್ಲಿ ಹೋದರೂ, ಎಷ್ಟು ಕೇಳಿದರೂ ಮುಂದೆ ಬಂದು ಕೂರುವುದು ಅರ್ಧ ಪ್ಲೇಟು. ಒಂದು ಕಡೆ ಊಟದ ತಾಟು ಕೇಳಿದ್ದಕ್ಕೆ ಹೋಟೆಲಿನವರು ಮೊಸರನ್ನೇ ಎತ್ತಿಕೊಂಡು ಹೋಗಿ, ನಿಮ್ಮ ಕುಸ್ತಿ ಮುಗಿಯಲಿ ಸ್ವಾಮಿ, ನಾನೇ ಕರೆದು ಬಡಿಸುತ್ತೇನೆ ಎಂದರಂತೆ. ಅರ್ಧ ಪುಣೆ ಪ್ರೀತಿಯಿಂದ ಅವನನ್ನು ಉಪವಾಸ ಕೆಡವಿತು. ಇದೆಲ್ಲ ಅವನೇ ಮುಂದೆ ಹೇಳಿದ್ದು. ಆಗ ಅವನು ಒಂದು ಮಾತೂ ಆಡಲಿಲ್ಲ. ಮೂರನೆಯ ಗುರುವಾರ ತೊಂಬತ್ತೈದೂವರೆ, ನಾಲ್ಕನೆಯದಕ್ಕೆ ತೊಂಬತ್ನಾಲ್ಕು, ಐದನೆಯದಕ್ಕೆ ತೊಂಬತ್ಮೂರು. ತಮ್ಮ ಹದಿನೈದೂವರೆ. ಅವನ ಕೆನ್ನೆಗೆ ಬಣ್ಣ ಬಂದಿತ್ತು, ತಲೆಯ ಮೇಲೆ ಮರಿ ಕೂದಲು ಕಾಣುತ್ತಿತ್ತು. ಪೈಲ್ವಾನಣ್ಣನ ಅಂಗಿ ಸಡಿಲವಾದದ್ದನ್ನು ಅಪ್ಪ ಬಂದವರಿಗೆಲ್ಲ ತನ್ನ ಕೈಯ ಗುಣವೆಂದು ತೋರಿಸುತ್ತಿದ್ದ.

ಐದನೆಯ ಗುರುವಾರದ ಮಾರನೆಯ ಬೆಳಿಗ್ಗೆ ವಸ್ತಾದರು ಹೋಟೆಲಿಗೆ ಬಂದರು. ಎಪ್ಪತ್ತು ದಾಟಿದ ಮುದುಕರು, ಕೈಯಲ್ಲಿ ಕೋಲು, ಆದರೆ ಬಾಗಿಲಿನಲ್ಲಿ ನಿಂತರೆ ಬೆಳಕು ನಿಲ್ಲುತ್ತಿತ್ತು. ಕೂರಿ ಎಂದರೆ ಕೂರಲಿಲ್ಲ. ನನ್ನ ಹುಡುಗನಿಗೆ ಏನು ಮಾಡುತ್ತಿದ್ದೀರಿ ಎಂದು ಮರಾಠಿಯಲ್ಲಿ ಗದರಿದರು. ಇನ್ನು ಒಂಬತ್ತು ದಿನಕ್ಕೆ ಅವನ ದೊಡ್ಡ ಕುಸ್ತಿ, ಎದುರಾಳಿ ನೂರೈದು ಕಿಲೋ, ಇವನು ದಿನದಿನಕ್ಕೆ ಕರಗುತ್ತಿದ್ದಾನೆ, ನಿನ್ನೆ ತಾಲೀಮಿನಲ್ಲಿ ಒಬ್ಬ ಕಾಲೇಜು ಹುಡುಗ ಇವನನ್ನು ಎತ್ತಿ ಹಾಕಿದ, ಕೇಳಿದರೆ ಇಡೀ ಊರಿನ ಹೋಟೆಲಿನವರು ನಿಮ್ಮ ಹೆಸರು ಹೇಳುತ್ತಾರೆ ಎಂದರು. ಅಪ್ಪನ ಮರಾಠಿ ಪೂರ್ತಿ ಕೈಕೊಟ್ಟಿತು. ಇಳಿಸಬೇಕು ಅಂತಲ್ಲವಾ, ಇಳಿಸಬೇಕು ಅಂತಲ್ಲವಾ ಎಂದು ಕನ್ನಡದಲ್ಲೇ ಎರಡು ಸಲ ಕೇಳಿದ.

ಅಷ್ಟರಲ್ಲಿ ಹಿಂದಿನಿಂದ ಪೈಲ್ವಾನಣ್ಣ ಓಡುತ್ತ ಬಂದ. ಗುರುಗಳ ಎದುರಿಗೆ ತಲೆ ತಗ್ಗಿಸಿ ನಿಂತ. ಒಂದು ಮಾತು ಹೇಳಬಾರದಿತ್ತಾ ಪೈಲ್ವಾನ್ರೇ ಎಂದು ಅಪ್ಪ ಕೇಳಿದ್ದಕ್ಕೆ ಅವನು ಮೆಲ್ಲಗೆ ಹೇಳಿದ:

"ಹುಡುಗ ತಿನ್ಲಾಕತ್ತಿದ್ದ ರೀ, ಅಣ್ಣಾರ. ಅದನ್ನ ಹ್ಯಾಂಗ ನಿಂದ್ರಸಲಿ?"

ವಸ್ತಾದರಿಗೆ ಕನ್ನಡ ಬಾರದು, ಆದರೂ ಏನೋ ತಿಳಿಯಿತು. ಮೂಲೆಯ ಮೇಜಿನ ಕಡೆ ತಿರುಗಿ ನೋಡಿದರು. ತಮ್ಮ ಅಲ್ಲೇ ಕೂತಿದ್ದ. ಗಲ್ಲಿಯಲ್ಲಿ ಆಡಿ ಬೆಳೆದ ಅವನಿಗೆ ಮರಾಠಿ ನಮ್ಮೆಲ್ಲರಿಗಿಂತ ಚೆನ್ನಾಗಿ ಬರುತ್ತಿತ್ತು. ಎದುರಿಗಿದ್ದ ತಟ್ಟೆಯನ್ನು ಎರಡೂ ಕೈಯಿಂದ ಮೆಲ್ಲಗೆ ದೂರ ತಳ್ಳಿದ.

ಆ ದಿನ ಅವನು ತಿನ್ನಲಿಲ್ಲ. ಶನಿವಾರವೂ ತಿನ್ನಲಿಲ್ಲ. ಹಟವಲ್ಲ, ಅಳುವಿಲ್ಲ. ನಾನು ತಿಂದರೆ ಪೈಲ್ವಾನಣ್ಣ ಸೋಲ್ತಾರೆ, ಅವರ ತೂಕ ಅವರಿಗೆ ವಾಪಸು ಹೋಗಬೇಕು ಎಂದ. ಅಮ್ಮ ಎಷ್ಟು ಹೇಳಿದರೂ ಅವನ ಲೆಕ್ಕ ಉಗ್ರಾಣದ ಬಾಗಿಲಿನ ಮೇಲೆ ನನ್ನದೇ ಅಕ್ಷರದಲ್ಲಿ ಇತ್ತು. ಶನಿವಾರ ಸಂಜೆ ಅಮ್ಮ ಅವನನ್ನು ಎತ್ತಿಕೊಂಡು ಹೋಗಿ ತೂಗಿಸಿದಳು. ಹದಿನೈದೂ ಕಾಲು. ಮುಂಬೈಗೆ ಇನ್ನು ಒಂಬತ್ತು ದಿನ. ಅಮ್ಮ ಸೇಠನ ಅಂಗಡಿಯ ಮೆಟ್ಟಿಲ ಮೇಲೆಯೇ ಕೂತುಬಿಟ್ಟಳು. ನನ್ನ ಹೊಟ್ಟೆಕಿಚ್ಚೆಲ್ಲ ಆ ಸಂಜೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಅವನು ತಿನ್ನಲಿ ದೇವರೇ, ನನಗೆ ಜನ್ಮವಿಡೀ ಹಳೇ ಚಪಾತಿಯೇ ಇರಲಿ ಎಂದು ಬೇಡಿಕೊಂಡೆ.

ಭಾನುವಾರ ಮಧ್ಯಾಹ್ನ ಊಟದ ಗಿರಾಕಿಗಳು ಖಾಲಿಯಾದ ಹೊತ್ತಿಗೆ ಪೈಲ್ವಾನಣ್ಣ ಬಂದ. ಬರುವಾಗ ಸೇಠನ ತಕ್ಕಡಿಯನ್ನೇ ಎತ್ತಿಕೊಂಡು ಬಂದಿದ್ದ. ಅದನ್ನು ಎಂಟು ಮೇಜುಗಳ ನಡುವೆ ಇಟ್ಟ. ತಾನು ಹತ್ತಿ ತೂಗಿಸಿಕೊಂಡ, ತೊಂಬತ್ಮೂರು. ತಮ್ಮನನ್ನು ಹತ್ತಿಸಿದ, ಹದಿನೈದೂ ಕಾಲು. ಎರಡನ್ನೂ ಬರೆದುಕೋ ಅಕ್ಕಾ ಎಂದು ನನಗೆ ಹೇಳಿದ. ಆಮೇಲೆ ಮೇಜಿಗೆ ಕೂತು, ಅಪ್ಪನ ಕಡೆ ತಿರುಗಿ, ಇವತ್ತು ಪೂರ್ತಿ ಪ್ಲೇಟು ಎಂದ.

ಐದು ವಾರ ಕೈ ಕಟ್ಟಿ ನಿಂತಿದ್ದ ಅಪ್ಪನಿಗೆ ಅಷ್ಟು ಸಾಕಾಯಿತು. ತಾನೇ ಪಂಚೆ ಎತ್ತಿ ಕಟ್ಟಿ ಒಲೆಯ ಮುಂದೆ ನಿಂತ. ಇಡ್ಲಿ ಇಪ್ಪತ್ತು ಹೋದವು. ಮಸಾಲೆ ದೋಸೆ ಆರು. ಆಮೇಲೆ ಒಂದು ಪಾತ್ರೆ ಶೀರಾ, ನೀರು ಬೆರೆಸದ ಹಾಲು ಒಂದು ತಂಬಿಗೆ. ಭಟ್ಟರು ಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಂತರು, ಎದುರಿನ ಸೇಠ ಅಂಗಡಿ ಬಿಟ್ಟು ಬಂದ. ಅಪ್ಪನ ಮುಖದಲ್ಲಿ ಅಂಥ ಸುಖವನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಪೈಲ್ವಾನಣ್ಣ ಬೆರಳು ನೆಕ್ಕಿಕೊಂಡು ಎದ್ದು ಮತ್ತೆ ತಕ್ಕಡಿ ಹತ್ತಿದ. ತೊಂಬತ್ತಾರು. ತಮ್ಮನನ್ನು ಕರೆದು ಹತ್ತಿಸಿದ. ಹದಿನೈದೂ ಕಾಲೇ.

"ನಂದು ಏರೇದ. ನಿಂದೇನಾರ ಇಳಿದದೇನು?" ಎಂದು ಕೇಳಿದ.

ತಮ್ಮ ತಕ್ಕಡಿಯ ಮುಳ್ಳನ್ನು ನೋಡಿದ, ಬಾಗಿಲಿನ ಮೇಲಿನ ನನ್ನ ಬರಹವನ್ನು ನೋಡಿದ. ಹಾಗಾದರೆ ಇದು ಎಲ್ಲಿಂದ ಬಂತು ಎಂದ. ಪೈಲ್ವಾನಣ್ಣ ಅಡಿಗೆಮನೆಯ ಕಡೆ ಬೆರಳು ತೋರಿಸಿದ. ತಮ್ಮ ಇಳಿದು ಹೋಗಿ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು ಒಳಗೆಲ್ಲ ಕಣ್ಣಾಡಿಸಿದ. ಹಿಟ್ಟಿನ ಪಾತ್ರೆಗಳು, ಅಕ್ಕಿಯ ಮೂಟೆ, ಬಟಾಟೆಯ ರಾಶಿ.

"ಅಪ್ಪ, ಒಳಗೆ ಇನ್ನೂ ಎಷ್ಟು ಉಂಟು?"

"ಇಬ್ಬರಿಗೂ ಸಾಕಾಗಿ ಮಿಗುವಷ್ಟು ಉಂಟು, ಮಗಾ," ಎಂದ ಅಪ್ಪ.

ಹಾಗಾದರೆ ನನಗೊಂದು ಮಸಾಲೆ ದೋಸೆ ಎಂದ ತಮ್ಮ. ಅರ್ಧ ಮಾಡಬೇಡಿ ಎಂದೂ ಸೇರಿಸಿದ. ಪೈಲ್ವಾನಣ್ಣ ಅವನಿಗೆ ಜೊತೆ ಕೊಡಲು ಏಳನೆಯದನ್ನು ತರಿಸಿಕೊಂಡ. ಅಂದು ಸಂಜೆ ತಾಲೀಮಿನಲ್ಲಿ ಅವನಿಗೆ ಬಗ್ಗಲಿಕ್ಕೇ ಆಗಲಿಲ್ಲವೆಂದು ವಸ್ತಾದರು ಹೇಳಿ ಕಳಿಸಿದರು.

ಅಪ್ಪ ಮತ್ತೆ ಸೈಕಲ್ ಹತ್ತಿ ಎಲ್ಲ ಹೋಟೆಲುಗಳಿಗೂ ಹೋಗಿ ಮಾತು ಹಿಂದಕ್ಕೆ ತೆಗೆದುಕೊಂಡ. ಆ ವಾರ ಪೈಲ್ವಾನಣ್ಣ ಹೋದಲ್ಲೆಲ್ಲ ಒತ್ತಾಯ ಮಾಡಿ ಬಡಿಸಿದರು. ಆದರೆ ಐದು ವಾರದಲ್ಲಿ ಕರಗಿದ್ದು ಒಂದು ವಾರದಲ್ಲಿ ಬರುತ್ತದೆಯೇ. ಭಾನುವಾರದ ತೊಂಬತ್ತಾರು ಹೊಟ್ಟೆಯೊಳಗಿನ ಊಟದ ತೂಕ ಎಂಬುದು ತಮ್ಮನನ್ನು ಬಿಟ್ಟು ನಮಗೆಲ್ಲ ಗೊತ್ತಿತ್ತು. ಕುಸ್ತಿಯ ದಿನ ಅವನು ತೊಂಬತ್ತೈದರ ಮೇಲೆ ಹೋಗಿರಲಿಲ್ಲ.

ಕುಸ್ತಿ ನದಿಯಾಚೆಯ ಮೈದಾನದಲ್ಲಿ, ಮತ್ತೊಂದು ಭಾನುವಾರ. ಮಾರನೆಯ ಬೆಳಿಗ್ಗೆಯೇ ನಮ್ಮ ಮುಂಬೈ ರೈಲು. ಬರುವುದು ಬೇಡ ಎಂದು ಅಮ್ಮ, ಬರುತ್ತೇನೆ ಎಂದು ತಮ್ಮ. ಕಡೆಗೆ ಅವನ ಬಾಯಿಗೆ 'ಡಾಕ್ಟರ ಬಟ್ಟೆ' ಕಟ್ಟಿ, ಅಪ್ಪ ಹೆಗಲ ಮೇಲೆ ಕೂರಿಸಿಕೊಂಡು, ಜನರಿಂದ ದೂರ ಒಂದು ಬೇವಿನ ಮರದ ಹತ್ತಿರ ನಾವು ನಿಂತೆವು. ಎದುರಾಳಿ ಸಾತಾರದ ಕಡೆಯವನು, ನಿಜಕ್ಕೂ ಗುಡ್ಡದಂಥವನು. ಪೈಲ್ವಾನಣ್ಣ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡು ಇಳಿದ. ಮೊದಲ ಹತ್ತು ನಿಮಿಷ ಅವನದೇ. ಎರಡು ಸಲ ಆ ಗುಡ್ಡವನ್ನು ಮೊಣಕಾಲಿಗೆ ತಂದ. ಅಪ್ಪ ಕುಣಿದದ್ದಕ್ಕೆ ಮೇಲಿದ್ದ ತಮ್ಮ ಬೀಳುವುದರಲ್ಲಿದ್ದ. ಆಮೇಲೆ ಎದುರಾಳಿ ಏನೂ ಮಾಡಲಿಲ್ಲ, ಸುಮ್ಮನೆ ಮೈಮೇಲೆ ತೂಕ ಬಿಟ್ಟ. ಪೈಲ್ವಾನಣ್ಣನ ಕಾಲು ನಡುಗುವುದು ನಮಗೆ ಅಷ್ಟು ದೂರದಿಂದ ಕಂಡಿತು. ಎರಡೂ ಭುಜ ಮಣ್ಣಿಗೆ ತಾಗಿದವು.

ಅಮ್ಮ ನನ್ನ ಕೈ ಹಿಡಿದುಕೊಂಡಳು. ಅವಳು ಏನು ಯೋಚಿಸುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು. ಇಂದು ಸಂಜೆಯ ಊಟ, ನಾಳೆಯ ತಕ್ಕಡಿ.

ಪೈಲ್ವಾನಣ್ಣ ಎದ್ದು, ಗೆದ್ದವನ ಕೈ ಎತ್ತಿ ಹಿಡಿದು, ಗುರುಗಳ ಕಾಲು ಮುಟ್ಟಿ, ನೇರವಾಗಿ ಬೇವಿನ ಮರದ ಕಡೆಗೆ ಬಂದ. ಮೈಯೆಲ್ಲ ಕೆಂಪು ಮಣ್ಣು. ಅಮ್ಮನ ಕಟ್ಟಳೆ ನೆನಪಿದ್ದು ನಾಲ್ಕು ಹೆಜ್ಜೆ ದೂರದಲ್ಲೇ ನಿಂತ. ನನ್ನಿಂದ ಸೋತದ್ದಾ ಎಂದು ಬಟ್ಟೆಯ ಹಿಂದಿನಿಂದ ತಮ್ಮ ಕೇಳಿದ.

"ಇಲ್ಲ ತಮ್ಮಾ. ಅವ ಭಾಳ ಛಲೋ ಆಡಿದ, ನನಗ ಅವನ ಡಾವ-ಪಟ್ಟು ತಿಳೀಲಿಲ್ಲ. ನನಗ ಹಸಿವಾಗೇದ, ನಡಿ ಹೋಗೂಣು."

ತಮ್ಮ ನಂಬಲಿಲ್ಲ. ಪೈಲ್ವಾನಣ್ಣನ ಹಿಂದೆ ಕೋಲೂರಿಕೊಂಡು ವಸ್ತಾದರು ಬಂದಿದ್ದರು. ತಮ್ಮ ಅವರನ್ನೇ ಮರಾಠಿಯಲ್ಲಿ ಕೇಳಿದ. ಅಪ್ಪ ಹೆದರಿ ಕಣ್ಣು ಮುಚ್ಚಿಕೊಂಡ. ಆ ಮುದುಕರು ತಾಲೀಮಿನಲ್ಲಿ ಯಾರ ಮುಲಾಜೂ ನೋಡಿದವರಲ್ಲ. ಸುಳ್ಳು ಹೇಳಿ ಅಭ್ಯಾಸವಿರಲಿಲ್ಲವಾದ್ದರಿಂದ ಮುಖವನ್ನು ನದಿಯ ಕಡೆ ತಿರುಗಿಸಿಕೊಂಡರು. ಇವನ ಎಡಗಾಲು ಆರು ವರ್ಷದಿಂದ ಸೋಮಾರಿ, ಹೇಳಿ ಹೇಳಿ ನನಗೆ ಸಾಕಾಗಿದೆ, ನೂರಹತ್ತು ಕಿಲೋ ಇದ್ದಿದ್ದರೂ ಇವತ್ತು ಬೀಳುತ್ತಿದ್ದ ಎಂದರು. ತಮ್ಮ ಪೈಲ್ವಾನಣ್ಣನ ಎಡಗಾಲನ್ನು ನೋಡಿದ. ಅವನೂ ನಾಚಿಕೆಪಟ್ಟುಕೊಂಡವನ ಹಾಗೆ ಆ ಕಾಲನ್ನು ಸ್ವಲ್ಪ ಹಿಂದಕ್ಕೆ ಇಟ್ಟುಕೊಂಡ. ಅಂದು ಸಂಜೆ ನಮ್ಮ ಹೋಟೆಲಿನಲ್ಲಿ ತಮ್ಮ ಎರಡು ದೋಸೆ ತಿಂದು, ಎಡಗಾಲಿಗೆ ಏನು ವ್ಯಾಯಾಮ ಮಾಡಬೇಕು ಎಂದು ಪೈಲ್ವಾನಣ್ಣನಿಗೆ ಬುದ್ಧಿ ಹೇಳಿದ.

ಮದ್ದು ಮುಂದೆ ಎರಡು ವರ್ಷಕ್ಕೂ ಹೆಚ್ಚು ನಡೆಯಿತು. ಕಷ್ಟದ ದಿನಗಳು ಇನ್ನೂ ಇದ್ದವು, ಅವನ್ನು ಇಲ್ಲಿ ಬರೆಯುವುದಿಲ್ಲ. ತಮ್ಮ ಉಳಿದ. ಈಗ ಅವನು ಅದೇ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂರುತ್ತಾನೆ, ಅವನ ಹೊಟ್ಟೆ ಅವನಿಗಿಂತ ಮೊದಲು ಬಾಗಿಲು ದಾಟುತ್ತದೆ. ಪೈಲ್ವಾನಣ್ಣ ಆಮೇಲೆ ಗೆದ್ದದ್ದೂ ಉಂಟು, ಸೋತದ್ದೂ ಉಂಟು. ಎಂಬತ್ತರ ದಶಕದಲ್ಲಿ ನನ್ನ ಮದುವೆಯಾದಾಗ ಪಂಕ್ತಿಯಲ್ಲಿ ಜಿಲೇಬಿ ಬಡಿಸಿದವನು ಅವನೇ, ಒಬ್ಬರಿಗೂ ಅರ್ಧ ಹಾಕಲಿಲ್ಲ. ಆದರೆ ನನಗೆ ಸಂತೋಷ ಎಂದ ಕೂಡಲೇ ನೆನಪಾಗುವುದು ಆ ಸೋಮವಾರ.

ಶಾಲೆ ತಪ್ಪಿಸಿ ನಾನೂ ಮುಂಬೈಗೆ ಹೋಗಿದ್ದೆ. ಆಸ್ಪತ್ರೆಯ ಉದ್ದದ ಸಾಲಿನಲ್ಲಿ ಕಾದು, ಕಡೆಗೆ ನರ್ಸಮ್ಮ ತಮ್ಮನ ಚಪ್ಪಲಿ ಬಿಚ್ಚಿಸಿ ತಕ್ಕಡಿಯ ಮೇಲೆ ನಿಲ್ಲಿಸಿದರು. ಮುಳ್ಳು ಅತ್ತ ಇತ್ತ ಆಡಿ ನಿಂತಿತು. ಹದಿನಾರು ಕಿಲೋ, ಮೇಲೆ ನೂರು ಗ್ರಾಂ. ಅಪ್ಪ ಎರಡು ಸಲ ಓದಿದ. ಅಮ್ಮ ಗೋಡೆಗೆ ಒರಗಿ ನಿಂತು ನಗತೊಡಗಿದಳು, ಎಷ್ಟೋ ತಿಂಗಳಾಗಿತ್ತು ಆ ನಗು ಕೇಳಿ. ನರ್ಸಮ್ಮ ತಮ್ಮನ ಕೆನ್ನೆ ಹಿಂಡಿ, ಇಷ್ಟೊಂದು ತೂಕ ಯಾರ ಹತ್ತಿರ ಇಸಿದುಕೊಂಡು ಬಂದೆ ಎಂದು ಹಿಂದಿಯಲ್ಲಿ ತಮಾಷೆ ಮಾಡಿದರು.

ತಮ್ಮನಿಗೆ ಅದು ತಮಾಷೆಯಾಗಿ ಕೇಳಲಿಲ್ಲ. ತಕ್ಕಡಿಯ ಮೇಲೆ ನೆಟ್ಟಗೆ ನಿಂತು, ತನ್ನ ಅರೆಬರೆ ಹಿಂದಿಯಲ್ಲಿ, ಯಾರ ಹತ್ತಿರವೂ ತೆಗೆದುಕೊಂಡಿಲ್ಲ, ಇದೆಲ್ಲ ನನ್ನದೇ ಎಂದ. ಎಂದವನು ಸರಿಯೋ ಎನ್ನುವ ಹಾಗೆ ನಮ್ಮ ಕಡೆ ನೋಡಿದ. ಅಪ್ಪ ಹೌದೆಂದು ತಲೆಯಾಡಿಸಿದ. ಅಮ್ಮನೂ ಆಡಿಸಿದಳು, ನಾನೂ ಆಡಿಸಿದೆ.